ಗುಲಾಬಿ ಬಣ್ಣದ ಪುಡಿ

ಮಾಮೂಲಿ ರ‍್ಯಾಡಿಕಲ್ ಪಾಲಿಮರೀಕರಣದಲ್ಲಿ, ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಚುರುಕು ತುದಿಗೆ ಸಣ್ಣ ಅಣುಗಳು (ಮಾನೋಮರ್) ಒಂದೊಂದಾಗಿ ಸೇರುವ ಕ್ರಿಯೆಯಲ್ಲಿ, ಒಂದು ಸರಪಳಿ ಹುಟ್ಟಿ, ಬೆಳೆದು, ಸಾಯಲು ಕೆಲವು ಸೆಕೆಂಡು ಸಾಕು. ಎಷ್ಟು ಉದ್ದ ಬೆಳೆಯಬೇಕು ಅಂತ ಅದಕ್ಕೆ ಯಾರೂ ಹೇಳಲಾಗದು. ಹಾಗೆ ಹೇಳಬಹುದಾದ ವಿಧಾನಗಳಲ್ಲಿ ರಾಫ್ಟ್ (RAFT) ಒಂದು: ಗಂಧಕವಿರುವ ಒಂದು ಏಜೆಂಟ್ ಬೆಳೆಯುವ ಸರಪಳಿಯ ತುದಿಗೆ ಅಂಟಿ ಅದನ್ನು ಮಲಗಿಸುತ್ತದೆ, ಕಳಚಿಕೊಂಡಾಗ ಸರಪಳಿ ಎದ್ದು ಮತ್ತೆ ಬೆಳೆಯುತ್ತದೆ. 1998ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ರಿಜ್ಜಾರ್ಡೊ, ಮೋಡ್, ಥಾಂಗ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ನಾನು ಮೊದಲ ಸಲ ಅದನ್ನು ಕೈಯಾರೆ ಮಾಡಿದ್ದು ಮೀಥೈಲ್ ಮೆಥಾಕ್ರಿಲೇಟ್ ಎಂಬ ಮಾನೋಮರ್ ಮೇಲೆ.

ಒಂದು ರಾಫ್ಟ್ ಏಜೆಂಟ್ ಅಣುವಿಗೆ 200 ಮಾನೋಮರ್, ಏಜೆಂಟಿನ ಐದನೇ ಒಂದು ಪಾಲು ಎಐಬಿಎನ್ (ಬಿಸಿಗೆ ಒಡೆದು ರ‍್ಯಾಡಿಕಲ್ ಕೊಟ್ಟು ಕ್ರಿಯೆ ಶುರುಮಾಡುವ ವಸ್ತು), ದ್ರಾವಕ ಟಾಲೂಯಿನ್. ಏಜೆಂಟ್ ಡೈಥಯೋಬೆಂಜೊಯೇಟ್ ಎಂಬ ಗಂಧಕದ ಸಂಯುಕ್ತ ಆದ್ದರಿಂದ ಮಿಶ್ರಣಕ್ಕೆ ಕಡುಗೆಂಪು ಬಣ್ಣ, ಜೊತೆಗೆ ಮೂಗಿಗೆ ಹತ್ತಿ ಕೂರುವ ಗಂಧಕದ ವಾಸನೆ. ಹೊಗೆ ಹೀರುವ ಹುಡ್ ಬಿಟ್ಟು ಆಚೆ ತೆಗೆಯುವ ಹಾಗಿಲ್ಲ.

ಆ ದಿನದ ನಿಜವಾದ ಕೆಲಸ ಆಮ್ಲಜನಕವನ್ನು ಓಡಿಸುವುದು. ರ‍್ಯಾಡಿಕಲ್ ಸಿಕ್ಕಿದರೆ ಆಮ್ಲಜನಕ ಅದನ್ನು ಬಿಡುವುದಿಲ್ಲ. ಪೆರಾಕ್ಸಿ ರ‍್ಯಾಡಿಕಲ್ ಆಗಿ ಸರಪಳಿ ಅಲ್ಲೇ ತಟಸ್ಥ. ಶ್ಲೆಂಕ್ ಟ್ಯೂಬನ್ನು (ಕೀಲಿಯಿರುವ ಗಾಜಿನ ನಳಿಕೆ) ದ್ರವ ಸಾರಜನಕದಲ್ಲಿ ಇಳಿಸಿ ಗಟ್ಟಿ ಮಾಡಬೇಕು, ವ್ಯಾಕ್ಯೂಮ್ ಕೊಟ್ಟು ಕೀಲಿ ಮುಚ್ಚಬೇಕು, ಆಮೇಲೆ ಕರಗಲು ಬಿಡಬೇಕು. ಕರಗುವಾಗ ಗಾಜಿನ ಗೋಡೆಯಿಂದ ಸಣ್ಣ ಗುಳ್ಳೆಗಳು ಬಿಡಿಸಿಕೊಂಡು ಮೇಲೇಳುತ್ತವೆ. ಮತ್ತೆ ಗಟ್ಟಿ, ಮತ್ತೆ ವ್ಯಾಕ್ಯೂಮ್. ಪ್ರತಿ ಸುತ್ತಿಗೂ ಗುಳ್ಳೆ ಕಡಿಮೆಯಾಗುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಇದನ್ನು ಅವಸರದಲ್ಲಿ ಮುಗಿಸುವವರನ್ನು ಕಂಡರೆ ನನಗೆ ಈಗಲೂ ಬೇಸರ.

70 ಡಿಗ್ರಿಯ ಎಣ್ಣೆಯ ಬಾತ್‌ನಲ್ಲಿ ಇಟ್ಟ ಮೇಲೆ ಆಗಾಗ ಸ್ಯಾಂಪಲ್ ತೆಗೆದು, ಎಷ್ಟು ಮಾನೋಮರ್ ಉಳಿದಿದೆ ಎಂದು ಅಳೆಯಲು ಎನ್‌ಎಂಆರ್‌ಗೆ ಕೊಟ್ಟೆ. ಮಾನೋಮರ್ 60 ಶೇಕಡಾ ಮುಗಿದಾಗ ತಣ್ಣಗೆ ಮಾಡಿ, ಗಾಳಿಗೆ ತೆರೆದು, ಮೆಥನಾಲ್‌ಗೆ ಹನಿಹನಿಯಾಗಿ ಸುರಿದೆ. ಪಾಲಿಮರ್ ಗುಲಾಬಿ ಬಣ್ಣದಲ್ಲಿ ತಳಕ್ಕಿಳಿಯಿತು. ಕರಗಿಸಿ ಮತ್ತೆ ಮತ್ತೆ ಅವಕ್ಷೇಪಿಸಿದೆ. ಮೇಲಿನ ಮೆಥನಾಲ್ ಬಣ್ಣ ಕಳೆದುಕೊಂಡಿತು, ಪುಡಿಯ ಗುಲಾಬಿ ಮಾತ್ರ ಬಿಡಲಿಲ್ಲ. ಅಂದರೆ ಏಜೆಂಟಿನ ಗಂಧಕದ ತುದಿ ಸರಪಳಿಗಳಿಗೆ ಅಂಟಿಕೊಂಡೇ ಇದೆ, ಅವು ಸತ್ತಿಲ್ಲ, ನಿದ್ದೆಯಲ್ಲಿವೆ. ಲೆಕ್ಕದ ಪ್ರಕಾರ ಅಣುತೂಕ ಸುಮಾರು 12,000 ಬರಬೇಕು. ಸರಪಳಿಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಅಣುತೂಕ ಅಳೆಯುವ ಜಿಪಿಸಿಯೂ ಅದರ ಹತ್ತಿರವೇ ತೋರಿಸಿತು.

ಆದರೂ ನನಗೆ ಬೇಕಿದ್ದ ಸಾಕ್ಷಿ ಬೇರೆ: ನಿದ್ದೆಯಲ್ಲಿದ್ದ ಸರಪಳಿಗಳು ಎದ್ದು ಮತ್ತೆ ಬೆಳೆಯಬೇಕು. ಅದೇ ಪುಡಿಗೆ ಸ್ಟೈರೀನ್ ಎಂಬ ಇನ್ನೊಂದು ಮಾನೋಮರ್ ಸೇರಿಸಿ ಇನ್ನೊಮ್ಮೆ ಬಿಸಿ ಮಾಡಿದೆ. ಮೆಥಾಕ್ರಿಲೇಟ್ ಮೊದಲು, ಸ್ಟೈರೀನ್ ಆಮೇಲೆ, ಈ ಕ್ರಮ ತಪ್ಪುವ ಹಾಗಿಲ್ಲ: ಮೆಥಾಕ್ರಿಲೇಟ್ ರ‍್ಯಾಡಿಕಲ್ ಗಂಧಕದಿಂದ ಸುಲಭವಾಗಿ ಕಳಚಿಕೊಳ್ಳುತ್ತದೆ, ಸ್ಟೈರೀನ್‌ನದು ಅಷ್ಟು ಸುಲಭವಲ್ಲ. ಕ್ರಿಯೆ ಬಹಳ ನಿಧಾನ, ರಾತ್ರಿಯಿಡೀ ಬಿಡಬೇಕಾಯಿತು.

ಬೆಳಿಗ್ಗೆ ಹೊಸ ಜಿಪಿಸಿ ಗೆರೆಯನ್ನು ಹಳೆಯದರ ಮೇಲಿಟ್ಟು ನೋಡಿದೆ. ಪೀಕ್ ಇಡಿಯಾಗಿ ಎಡಕ್ಕೆ, ಹೆಚ್ಚು ಅಣುತೂಕದ ಕಡೆಗೆ ಸರಿದಿತ್ತು! ಮಲಗಿದ್ದ ಸರಪಳಿಗಳು ಎದ್ದು ಸ್ಟೈರೀನ್ ಕಟ್ಟಿಕೊಂಡಿದ್ದವು. ಹಳೆಯ ಜಾಗದಲ್ಲಿ ಒಂದು ಸಣ್ಣ ಉಬ್ಬು ಉಳಿದಿತ್ತು, ಮೊದಲ ಹಂತದಲ್ಲೇ ಸತ್ತವು. ರ‍್ಯಾಡಿಕಲ್‌ಗಳ ಸಾವನ್ನು ರಾಫ್ಟ್ ನಿಲ್ಲಿಸುವುದಿಲ್ಲ. ಸತ್ತ ಸರಪಳಿಗಳ ಲೆಕ್ಕ ಎಐಬಿಎನ್ ಕೊಟ್ಟ ರ‍್ಯಾಡಿಕಲ್‌ಗಳ ಲೆಕ್ಕಕ್ಕೆ ತಕ್ಕಂತೆ ಇರುತ್ತದೆ. ಮುಂದಿನ ಬ್ಯಾಚಿಗೆ ಎಐಬಿಎನ್ ಅರ್ಧಕ್ಕೆ ಇಳಿಸಬೇಕೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಉಬ್ಬು ಇಳಿಯಬಹುದು, ಕ್ರಿಯೆ ಮಾತ್ರ ಇನ್ನೂ ನಿಧಾನವಾಗುತ್ತದೆ.