ಇಂಡಾಫ್-5ಕ್ಕೆ ನಾಲ್ಕು ಹೆಸರು

ನಮ್ಮ ಬೀಜದ ಕೋಣೆಯಲ್ಲಿ ಒಂದು ಕಬ್ಬಿಣದ ಬೀರು ಇದೆ. ಅದರ ತುಂಬ ರಾಗಿ ತಳಿ ಕೆಲಸದ ಹಳೆಯ ಫೀಲ್ಡ್ ಬುಕ್‌ಗಳು. ಎರಡು ವರ್ಷದಿಂದ ಅವನ್ನು ಒಂದೊಂದಾಗಿ ಕಂಪ್ಯೂಟರಿಗೆ ಏರಿಸುತ್ತಿದ್ದೇನೆ.

ಮೊದಲ ವಾರವೇ ತಡೆಯಾದದ್ದು ಹೆಸರಿನಲ್ಲಿ. ಒಂದು ಪುಟದಲ್ಲಿ ‘ಇಂಡಾಫ್-5’, ಇನ್ನೊಂದರಲ್ಲಿ ‘ಇಂಡಾಫ್ 5’, ಮತ್ತೆ ‘ಇಂಡ್.5’, ಕೊನೆಗೆ ಬರೀ ‘ಐ5’. ನಮಗೆ ಎಲ್ಲವೂ ಒಂದೇ. ಕಂಪ್ಯೂಟರಿಗೆ ನಾಲ್ಕು ತಳಿ, ಅಲ್ವಾ? ವಂಶಾವಳಿ ಅಲ್ಲೇ ತುಂಡಾಗುತ್ತದೆ. ಅದಕ್ಕೇ ಈಗ ಪ್ರತಿ ಬೀಜದ ಪೊಟ್ಟಣಕ್ಕೂ ಅದರದೇ ನಂಬರು, ಅದರದೇ ಬಾರ್‌ಕೋಡ್. ಹೆಸರು ಆಮೇಲೆ.

ರಾಗಿಯಲ್ಲಿ ಸಂಕರಣ, ಅಂದರೆ ಎರಡು ತಳಿ ಕೂಡಿಸುವ ಕೆಲಸ, ಮಾಡಿದವರಿಗೆ ಇದು ಯಾಕೆ ಇಷ್ಟು ಮುಖ್ಯ ಅಂತ ಗೊತ್ತು. ಹೂವು ಬಹಳ ಚಿಕ್ಕದು, ನಸುಕಿನಲ್ಲೇ ಅರಳುತ್ತದೆ. ಒಂದೊಂದರ ಕೇಸರ ಕೀಳುವುದು ತುಂಬಾ ಕಷ್ಟ. ಹಾಗಾಗಿ ಎರಡು ಗಿಡದ ತೆನೆಗಳನ್ನು ಜೊತೆಗೆ ಕಟ್ಟಿ ಚೀಲ ಹಾಕುತ್ತೇವೆ. ತಾಯಿ ಹಸಿರು ಗಿಣ್ಣಿನದು, ತಂದೆ ನೇರಳೆ ಗಿಣ್ಣಿನದು. ತಾಯಿಯ ತೆನೆಯ ಕಾಳು ಬಿತ್ತಿದರೆ ಹೆಚ್ಚಿನವು ಅದರದೇ ಪರಾಗದಿಂದ ಕಟ್ಟಿದ ಹಸಿರು ಸಸಿಗಳು. ನಡುವೆ ಅಲ್ಲೊಂದು ಇಲ್ಲೊಂದು ನೇರಳೆ ಕಾಣುತ್ತದೆ. ಅದೇ ನಮ್ಮ ಸಂಕರ.

ಈಗ ಪುಸ್ತಕದಲ್ಲಿ ತಾಯಿ-ತಂದೆ ಅದಲುಬದಲಾದರೆ? ನೇರಳೆ ಗಿಡದ ತೆನೆಯನ್ನೇ ತಾಯಿ ಅಂತ ಬಿತ್ತಿದರೆ ಎಲ್ಲ ಸಸಿಯೂ ನೇರಳೆ. ಯಾವುದು ಸಂಕರ ಅಂತ ಹೇಳುವವರೇ ಇಲ್ಲ. ಒಮ್ಮೆ ನಾನೇ ಹಾಗೆ ತಪ್ಪಾಗಿ ಬರೆದಿದ್ದೆ. ಒಂದು ಇಡೀ ಮುಂಗಾರಿನ ಕೆಲಸ ಹೋಯಿತು. ಆ ಪುಟ ನೋಡಿದರೆ ಈಗಲೂ ಬೇಸರವಾಗುತ್ತದೆ.

ಈಗ ತೆನೆ ಕಟ್ಟುವಾಗಲೇ ಮೊಬೈಲಿನಲ್ಲಿ ಮೊದಲು ತಾಯಿಯ ಲೇಬಲ್, ಆಮೇಲೆ ತಂದೆಯದು ಸ್ಕ್ಯಾನ್ ಮಾಡುತ್ತೇವೆ. ‘ಇಂಟರ್‌ಕ್ರಾಸ್’ ಅನ್ನುವ ಆ್ಯಪ್ ಇದಕ್ಕೆಂದೇ ಇದೆ. ತಾಕಿನಲ್ಲಿ ಎತ್ತರ, ಹೂ ಬಿಟ್ಟ ದಿನ, ಬೆಂಕಿ ರೋಗ ಬರೆದುಕೊಳ್ಳಲು ‘ಫೀಲ್ಡ್ ಬುಕ್’ ಆ್ಯಪ್. ಕಾಸು ಕೊಡಬೇಕಿಲ್ಲ, ನೆಟ್‌ವರ್ಕ್ ಇಲ್ಲದ ಹೊಲದಲ್ಲೂ ನಡೆಯುತ್ತದೆ. ಮಳೆಯಲ್ಲಿ ಶಾಯಿ ಹರಡುವ ಚಿಂತೆಯೂ ಇಲ್ಲ.

ನನಗೆ ನಿಜವಾಗಿ ಕಣ್ಣು ತೆರೆಸಿದ್ದು ವಂಶಾವಳಿಯ ಭಾಗ. ಹೋದ ವರ್ಷ ಜಿಪಿಯು-28 ಮತ್ತು ಎಂಎಲ್-365 ಕೂಡಿಸೋಣ ಅಂತಿದ್ದೆ. ಎರಡೂ ರೈತರು ಒಪ್ಪಿದ ಒಳ್ಳೆಯ ತಳಿಗಳು. ಜಿಪಿಯು-28ರ ವಂಶವನ್ನು ಓರೆಗೀಟಿನ ಪದ್ಧತಿಯಲ್ಲಿ ‘ಇಂಡಾಫ್-5//ಇಂಡಾಫ್-9/ಐಇ 1012’ ಅಂತ ಬರೆಯುತ್ತಾರೆ. ಒಂಟಿ ಗೀಟು ಮೊದಲ ಸಂಕರಣ, ಜೋಡಿ ಗೀಟು ಅದರ ನಂತರದ್ದು. ಎಂಎಲ್-365 ಹುಟ್ಟಿದ್ದು ಐಇ 1012 ಮತ್ತು ಇಂಡಾಫ್-5ರಿಂದ. ಎರಡನ್ನೂ ಮರದ ಹಾಗೆ ತೆರೆಯ ಮೇಲೆ ಬಿಡಿಸಿದಾಗ ಗೆರೆಗಳು ಮತ್ತೆ ಮತ್ತೆ ಅದೇ ಎರಡು ಅಜ್ಜಂದಿರ ಹತ್ತಿರ ಹೋಗಿ ಸೇರಿದವು.

ಎರಡು ತಳಿಗಳ ನಂಟು ಎಷ್ಟು ಹತ್ತಿರ ಅನ್ನುವ ಲೆಕ್ಕ ಸುಲಭ. ಇಂಡಾಫ್-5ರ ಪಾಲು ಒಂದರಲ್ಲಿ ಅರ್ಧ, ಇನ್ನೊಂದರಲ್ಲೂ ಅರ್ಧ: ಗುಣಿಸಿದರೆ 0.25. ಐಇ 1012ರದ್ದು ಕಾಲು ಮತ್ತು ಅರ್ಧ: 0.125. ಒಟ್ಟು 0.375. ಅದಕ್ಕಿಂತ ಹಿಂದಿನ ನಂಟು ಬಿಟ್ಟರೂ ಇಷ್ಟು. ಶುದ್ಧ ಸಾಲುಗಳಲ್ಲಿ, ಅಂದರೆ ತಲೆಮಾರು ಕಳೆದರೂ ಗುಣ ಬದಲಾಗದವುಗಳಲ್ಲಿ, ಒಡಹುಟ್ಟಿದವರ ನಡುವೆ 0.5 ಇರುತ್ತದೆ. ನಮ್ಮ ಜೋಡಿ ಅದಕ್ಕಿಂತ ಸ್ವಲ್ಪವೇ ಕೆಳಗೆ. ಇಷ್ಟು ಹತ್ತಿರದವನ್ನು ಕೂಡಿಸಿದರೆ ಹೊಸ ಗುಣ ಸಿಗುವುದು ಕಡಿಮೆ.

ಪಕ್ಕದಲ್ಲಿ ನಮ್ಮ ಹಿರಿಯ ಸಹಾಯಕರು ನಿಂತಿದ್ದರು. ಮೂವತ್ತು ವರ್ಷ ರಾಗಿ ಕೊಯ್ದ ಕೈ ಅವರದು. ತೆರೆ ನೋಡಿ, “ಎರಡೂ ಒಂದೇ ಮನೆ ಮಕ್ಕಳು ಕಣವ್ವ. ತೆನೆ ನೋಡಿದ್ರೆ ನಂಗೆ ಆಗ್ಲೇ ಅನ್ಸಿತ್ತು” ಅಂದರು.

“ಮತ್ತೆ ಮೊದಲೇ ಯಾಕಣ್ಣ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲವಲ್ಲ.”

ಅಂದಿನಿಂದ ಪ್ರತಿ ತಾಕಿಗೂ ಅವರು ಹೇಳಿದ್ದನ್ನು ಬರೆಯಲು ಒಂದು ಕಾಲಂ ಇಟ್ಟಿದ್ದೇನೆ. ಅವರ ಮಾತಿನಲ್ಲೇ, ತಿದ್ದದೆ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿದೆ ಅವರಿಗೆ.

ಇಂಡಾಫ್ ಅಂದರೆ ಇಂಡಿಯಾ ಮತ್ತು ಆಫ್ರಿಕಾ. ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ಲಕ್ಷ್ಮಣಯ್ಯನವರು ಇಲ್ಲಿಯ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಕೂಡಿಸಿ ತಂದ ತಳಿಗಳು. ದೂರದ ನೆಂಟಸ್ತನದ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಈ ಮುಂಗಾರಿಗೆ ನಾವೂ ಜಿಪಿಯು-28ಕ್ಕೆ ಆಫ್ರಿಕಾ ಮೂಲದ ಬೇರೊಂದು ಸಾಲನ್ನು ಗಂಡಾಗಿ ಇಟ್ಟಿದ್ದೇವೆ. ಲೇಬಲ್ ಅಂಟಿಸಿ ಆಯಿತು. ಬೀರುವಿನ ಕೆಳಗಿನ ಅರೆಯಲ್ಲಿ ಇನ್ನೂ 11 ಪುಸ್ತಕ ಉಳಿದಿವೆ.