ಲೆನ್ನಿಯನ್ನು ಯಾರು ಕೇಳಿದರು?

ಜಾನ್ ಸ್ಟೈನ್‌ಬೆಕ್‌ನ 'ಆಫ್ ಮೈಸ್ ಅಂಡ್ ಮೆನ್' ಕಾದಂಬರಿಯನ್ನು ಪಾಠವಾಗಿ ಓದುವ ಅಮೆರಿಕದ ಹೈಸ್ಕೂಲು ಮಕ್ಕಳಿಗೆ ಸಾಮಾನ್ಯವಾಗಿ ಎದುರಾಗುವ ಪ್ರಶ್ನೆ ಒಂದಿದೆ. ಕೊನೆಯಲ್ಲಿ ಜಾರ್ಜ್ ತನ್ನ ಗೆಳೆಯ ಲೆನ್ನಿಯನ್ನು ತಾನೇ ಗುಂಡಿಟ್ಟು ಕೊಂದದ್ದು ಸರಿಯೋ ತಪ್ಪೋ ಎಂಬುದೇ ಆ ಪ್ರಶ್ನೆ. ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗನಿಗೂ ಅದೇ ಪ್ರಶ್ನೆ ಬಂದಿತ್ತು. ಇಲ್ಲಿನ ಶಾಲೆಗಳಲ್ಲಿ ಸಾಕ್ರಟಿಕ್ ಸೆಮಿನಾರ್ ಎಂಬ ಪದ್ಧತಿಯಿದ್ದು, ಅದರಲ್ಲಿ ಮಕ್ಕಳು ವೃತ್ತಾಕಾರವಾಗಿ ಕುಳಿತು ಪುಸ್ತಕದ ಸಾಲುಗಳನ್ನೇ ಆಧಾರವಾಗಿಟ್ಟುಕೊಂಡು ವಾದಿಸಬೇಕು; ಅಧ್ಯಾಪಕರು ಆದಷ್ಟೂ ಬಾಯಿ ಹಾಕುವುದಿಲ್ಲ. ಅದರ ಸಿದ್ಧತೆಗೆಂದು ಮಗನೂ ಅವನ ಕೆಲವು ಗೆಳೆಯ ಗೆಳತಿಯರೂ ನಮ್ಮ ಮನೆಯ ಊಟದ ಮೇಜಿನ ಸುತ್ತ ನಡೆಸಿದ ಚರ್ಚೆಗಳನ್ನು ಅಡುಗೆಮನೆಯಿಂದ ಕೇಳಿಸಿಕೊಂಡ ಮೇಲೆ, ಆ ಪ್ರಶ್ನೆಯ ಬಗ್ಗೆ ನನಗಿದ್ದ ಗೌರವ ಬಹಳ ಕಡಿಮೆಯಾಗಿದೆ. ಅದು ಒಬ್ಬ ಬಡ ಕೂಲಿಯಾಳನ್ನು ಕಟಕಟೆಯಲ್ಲಿ ನಿಲ್ಲಿಸಿ, ಅವನನ್ನು ಅಲ್ಲಿಯವರೆಗೆ ತಂದವರನ್ನೆಲ್ಲ ಸುಮ್ಮನೆ ಮನೆಗೆ ಕಳಿಸಿಬಿಡುತ್ತದೆ. ಹದಿನಾಲ್ಕು ಹದಿನೈದರ ಮಕ್ಕಳು ಇದನ್ನು ನನಗಿಂತ ಮೊದಲೇ ಗುರುತಿಸಿದ್ದರು.

ಓದದವರಿಗಾಗಿ ಕತೆಯನ್ನು ಚಿಕ್ಕದಾಗಿ ಹೇಳಬೇಕು. 1937ರಲ್ಲಿ ಪ್ರಕಟವಾದ ಈ ಪುಸ್ತಕ ನೂರು ಪುಟಗಳ ಆಸುಪಾಸಿನದು. ಗುರುವಾರ ಸಂಜೆಯಿಂದ ಭಾನುವಾರದವರೆಗೆ ನಡೆಯುವ ಘಟನೆಗಳಷ್ಟೇ ಇದರಲ್ಲಿವೆ. ಆರ್ಥಿಕ ಮಹಾಕುಸಿತದ ಕಾಲದ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಹುಡುಕುತ್ತ ಊರೂರು ಅಲೆಯುವ ಇಬ್ಬರು ಕೂಲಿಕಾರರಲ್ಲಿ ಜಾರ್ಜ್ ಚುರುಕಾದವನು. ಲೆನ್ನಿ ದೈತ್ಯ ಮೈಯವನು, ಆದರೆ ಬುದ್ಧಿ ಮಗುವಿನದು. ಮೆತ್ತಗಿರುವುದನ್ನೆಲ್ಲ ಸವರಬೇಕೆಂಬ ಆಸೆ ಅವನದು; ತನ್ನ ಕೈಯ ಬಲ ಮಾತ್ರ ಅವನಿಗೆ ತಿಳಿಯದು. ಸ್ವಂತದ್ದೊಂದು ಹೊಲ, ಮನೆ, ಲೆನ್ನಿ ಸಾಕಬೇಕೆಂದಿರುವ ಮೊಲಗಳು, ಇಷ್ಟು ಇಬ್ಬರ ಕನಸು. ಸೋಲಿದಾದ್ ಪಟ್ಟಣದ ಹತ್ತಿರದ ರ‍್ಯಾಂಚೊಂದಕ್ಕೆ ಅವರು ಕೆಲಸಕ್ಕೆ ಸೇರಿದ ಮೂರನೆಯ ದಿನ, ಯಜಮಾನನ ಮಗ ಕರ್ಲಿಯ ಹೆಂಡತಿ ಲೆನ್ನಿಯ ಕೈಯಲ್ಲಿ, ಅವನು ಬೇಕೆಂದು ಮಾಡದಿದ್ದರೂ, ಸಾಯುತ್ತಾಳೆ. ಬೆನ್ನಟ್ಟಿ ಬರುವ ಗುಂಪಿನ ಕೈಗೆ ಅವನು ಸಿಗುವ ಮೊದಲು, ನದಿಯ ದಂಡೆಯಲ್ಲಿ ಮೊಲಗಳ ಕತೆ ಹೇಳುತ್ತಲೇ ಜಾರ್ಜ್ ಅವನ ತಲೆಯ ಹಿಂಭಾಗಕ್ಕೆ ಗುಂಡು ಹೊಡೆಯುತ್ತಾನೆ.

ನಾವಿರುವುದು ಸ್ಯಾನ್ ಹೋಸೆಯಲ್ಲಿ. ಹೈವೇ 101 ಹಿಡಿದು ದಕ್ಷಿಣಕ್ಕೆ ಸುಮಾರು ಅರವತ್ತು ಮೈಲಿ ಹೋದರೆ ಸ್ಟೈನ್‌ಬೆಕ್ 1902ರಲ್ಲಿ ಹುಟ್ಟಿದ ಸಲಿನಾಸ್, ಇನ್ನೂ ಮುಂದೆ ಹೋದರೆ ಸೋಲಿದಾದ್ ಸಿಗುತ್ತವೆ. ಆ ದಾರಿಯ ಇಕ್ಕೆಲದ ಲೆಟ್ಯೂಸ್ ಹೊಲಗಳಲ್ಲಿ ಬಗ್ಗಿ ನಿಂತು ಕೊಯ್ಲು ಮಾಡುವವರನ್ನು ಈ ಮಕ್ಕಳೆಲ್ಲ ಕಾರಿನ ಕಿಟಕಿಯಿಂದ ನೋಡಿದ್ದಾರೆ. ನಾನು ಹುಟ್ಟಿ ಬೆಳೆದದ್ದು ಕೊಪ್ಪಳದ ಕಡೆ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮುದುಕರನ್ನು ಊರಲ್ಲೇ ಬಿಟ್ಟು, ಗುಳೆ ಹೋಗುವವರ ನಡುವೆ ಬೆಳೆದವಳು. ಆದ್ದರಿಂದ ಪುಸ್ತಕದಲ್ಲಿನ ಕಷ್ಟವನ್ನು ಮಕ್ಕಳಿಗೆ ನಾನೇ ವಿವರಿಸಬೇಕಾದೀತು ಎಂದುಕೊಂಡಿದ್ದೆ. ಅದರ ಅಗತ್ಯ ಬೀಳಲಿಲ್ಲ. ಅವರು ಕಷ್ಟವನ್ನು ಹಿಡಿದದ್ದು ಲೆಕ್ಕದ ಮೂಲಕ.

ನನ್ನ ಮಗ ನೋಟ್‌ಬುಕ್ಕಿನಲ್ಲಿ ಒಂದು ಪಟ್ಟಿ ಮಾಡಿದ್ದ. ಸಂಬಳ ತಿಂಗಳಿಗೆ 50 ಡಾಲರ್, ಊಟ ವಸತಿ ರ‍್ಯಾಂಚಿನದು. ಇಂದಿನ ಬೆಲೆಗೆ ಹಿಡಿದರೆ ಅದು ಸಾವಿರದ ಚಿಲ್ಲರೆ ಡಾಲರ್. ಜಾರ್ಜ್ ಕಣ್ಣಿಟ್ಟಿರುವ ಜಮೀನಿನ ಬೆಲೆ 600. ರ‍್ಯಾಂಚಿನಲ್ಲಿ ಕಸ ಗುಡಿಸುವ ಮುದುಕ ಕ್ಯಾಂಡಿ ತನ್ನದನ್ನೂ ಸೇರಿಸುತ್ತೇನೆಂದು ಮುಂದೆ ಬರುತ್ತಾನೆ. ಅವನ ಹತ್ತಿರ ತಿಂಗಳ ಕೊನೆಗೆ 350 ಡಾಲರ್ ಆಗುತ್ತದೆ. ಅದರಲ್ಲಿ 250, ಇದೇ ರ‍್ಯಾಂಚಿನ ಕೆಲಸದಲ್ಲಿ ಒಂದು ಕೈ ಕಳೆದುಕೊಂಡದ್ದಕ್ಕೆ ಸಿಕ್ಕ ಪರಿಹಾರ. ಜಾರ್ಜ್ ಮತ್ತು ಲೆನ್ನಿ ಒಂದು ತಿಂಗಳು ಏನನ್ನೂ ಖರ್ಚು ಮಾಡದೆ ದುಡಿದರೆ 100. ಒಟ್ಟು 450. ಉಳಿದದ್ದು 150 ಮಾತ್ರ. 'ಅಮ್ಮ, ಇದು ನನಸಾಗದ ಕನಸು ಅಂತ ನಮ್ಮ ವರ್ಕ್‌ಶೀಟಿನಲ್ಲಿದೆ, ಆದರೆ ಇದು ಆಗಿಯೇ ಹೋಗುತ್ತಿತ್ತು' ಎಂದು ಅವನು ನನ್ನನ್ನು ಸಾಕ್ಷಿಗೆ ಕರೆದ. ಅಮೆರಿಕನ್ ಕನಸಿನ ಹುಸಿತನ ಎಂಬ ಸಿದ್ಧ ಮಾತನ್ನು ನಾನೂ ಎಷ್ಟೋ ಕಡೆ ಓದಿದ್ದೇನೆ. ಆದರೆ ಕನಸು ಒಂದೂವರೆ ತಿಂಗಳ ಕೂಲಿಯಷ್ಟು ಹತ್ತಿರಕ್ಕೆ ಬಂದಿತ್ತು, ಅಷ್ಟು ಹತ್ತಿರಕ್ಕೆ ಅದನ್ನು ತಂದದ್ದು ಒಬ್ಬ ಮುದುಕನ ಕತ್ತರಿಸಿಹೋದ ಕೈ ಎಂಬುದನ್ನು ಆ ಸಿದ್ಧ ಮಾತು ಹೇಳುವುದಿಲ್ಲ. ಅದನ್ನು ಹೇಳಿದ್ದು ಲೆಕ್ಕ ಹಾಕಿದ ಹುಡುಗ. ಕೈಗೆ 250 ಡಾಲರ್ ಆದರೆ ಇಡೀ ಮನುಷ್ಯನಿಗೆಷ್ಟು ಎಂದು ಇನ್ನೊಬ್ಬ ಹುಡುಗ ತಮಾಷೆಯಾಗಿ ಕೇಳಿದಾಗ ಯಾರೂ ನಗಲಿಲ್ಲ.

ಮಕ್ಕಳೆಲ್ಲ ಅತ್ತದ್ದು ಅಥವಾ ಅಳು ನುಂಗಿದ್ದು ಲೆನ್ನಿಯ ಸಾವಿಗಲ್ಲ, ಕ್ಯಾಂಡಿಯ ನಾಯಿಯ ಸಾವಿಗೆ. ಇದನ್ನು ಕೇಳಿ ನನಗೆ ಮೊದಲು ಸ್ವಲ್ಪ ಸಿಟ್ಟೇ ಬಂತು. ಮನುಷ್ಯನಿಗಿಂತ ನಾಯಿ ದೊಡ್ಡದೇ ಎಂದುಕೊಂಡೆ. ಆದರೆ ಆ ಭಾಗವನ್ನು ತೆರೆದು ನೋಡಿದರೆ ಮಕ್ಕಳು ಹೇಳುವುದರಲ್ಲಿ ಹುರುಳಿದೆ. ಮರಿಯಿಂದ ಸಾಕಿದ ಕುರಿನಾಯಿಗೆ ವಯಸ್ಸಾಗಿದೆ, ಕಣ್ಣು ಕಾಣುವುದಿಲ್ಲ, ಮೈಯಿಂದ ವಾಸನೆ ಬರುತ್ತದೆ. ಕಾರ್ಲ್ಸನ್ ಎಂಬ ಕೂಲಿಯಾಳು ಅದನ್ನು ಕೊಂದುಬಿಡೋಣ ಎನ್ನುತ್ತಾನೆ. ಅವನ ದನಿಯಲ್ಲಿ ಕ್ರೌರ್ಯವಿಲ್ಲ. ನಾಯಿಗೆ ನೋವಾಗದ ಹಾಗೆ ಎಲ್ಲಿ ಗುಂಡಿಡಬೇಕೆಂಬುದನ್ನು ಸಹ ಸಮಾಧಾನದಿಂದ ವಿವರಿಸುತ್ತಾನೆ. ಕ್ಯಾಂಡಿ ಒಬ್ಬೊಬ್ಬರ ಮುಖವನ್ನೂ ನೋಡುತ್ತಾನೆ, ಯಾರಾದರೂ ಬೇಡವೆನ್ನಲಿ ಎಂದು. ಎಲ್ಲರೂ ಗೌರವಿಸುವ ಸ್ಲಿಮ್ ಕೂಡ ಕಾರ್ಲ್ಸನ್‌ನ ಮಾತೇ ಸರಿ ಎಂದಮೇಲೆ ನಾಯಿ ಹೊರಗೆ ಹೋಗುತ್ತದೆ. ಆಮೇಲೆ ಗುಂಡಿನ ಸದ್ದು ಕೇಳುವವರೆಗೆ ಎಲ್ಲರೂ ಬೇರೇನನ್ನೋ ಮಾತಾಡಲು ನೋಡುತ್ತಾರೆ, ಇಸ್ಪೀಟು ಹಾಕಲು ನೋಡುತ್ತಾರೆ. ಇಡೀ ಕಾದಂಬರಿಯಲ್ಲಿ ಇಷ್ಟು ನಿಧಾನವಾಗಿ ನಡೆಯುವ ಭಾಗ ಇನ್ನೊಂದಿಲ್ಲ ಎಂದೇ ನನ್ನ ಅನಿಸಿಕೆ. ಅಲ್ಲಿದ್ದ ಒಬ್ಬನಾದರೂ ಬೇಡ ಎಂದಿದ್ದರೆ ನಾಯಿ ಉಳಿಯುತ್ತಿತ್ತು, ಆದ್ದರಿಂದ ಕೊಂದದ್ದು ಕೋಣೆಯಲ್ಲಿದ್ದ ಎಲ್ಲರೂ ಎಂಬುದು ಮಕ್ಕಳ ತೀರ್ಮಾನ. ಗುಂಪಿನಲ್ಲಿ ಒಬ್ಬರನ್ನು ಹೊರಹಾಕುವಾಗ ಉಳಿದವರು ಫೋನು ನೋಡಿಕೊಂಡು ಕುಳಿತುಬಿಡುವುದನ್ನು ಅವರು ದಿನವೂ ಕಾಣುತ್ತಾರಲ್ಲ, ಆ ಮೌನ ಅವರಿಗೆ ಪರಿಚಿತ.

ನಾಯಿಯನ್ನು ತಾನೇ ಕೊಲ್ಲಬೇಕಿತ್ತು, ಪರಕೀಯನಿಗೆ ಬಿಡಬಾರದಿತ್ತು ಎಂದು ಕ್ಯಾಂಡಿ ಆಮೇಲೆ ಜಾರ್ಜ್‌ನ ಹತ್ತಿರ ಹೇಳಿಕೊಳ್ಳುತ್ತಾನೆ. ಕೊನೆಯ ದೃಶ್ಯದ ಬೀಜ ಅಲ್ಲಿದೆ, ಜಾರ್ಜ್ ಬಳಸುವುದೂ ಅದೇ ಕಾರ್ಲ್ಸನ್‌ನ ಪಿಸ್ತೂಲನ್ನು ಎಂದು ಎಲ್ಲ ಅಧ್ಯಾಪಕರೂ ತೋರಿಸಿಕೊಡುತ್ತಾರೆ. ನಮ್ಮ ಮೇಜಿನ ಚರ್ಚೆ ನಿಜವಾಗಿ ಬಿಸಿಯಾದದ್ದು ಈ ಹೋಲಿಕೆಯ ಮೇಲೆ. ಅಲ್ಲಿಯವರೆಗೆ ಹೆಚ್ಚು ಮಾತಾಡದಿದ್ದ ಒಬ್ಬ ಹುಡುಗಿ, ಲೆನ್ನಿಯನ್ನು ನಾಯಿಯ ಜಾಗದಲ್ಲಿ ಇಟ್ಟು ನೋಡಲು ಪುಸ್ತಕ ನಮ್ಮನ್ನು ಮೊದಲ ಪುಟದಿಂದಲೇ ಪಳಗಿಸುತ್ತದೆ ಎಂದಳು. ಅವನು ಕರಡಿಯ ಹಾಗೆ ಕಾಲೆಳೆಯುತ್ತಾನೆ, ಕುದುರೆಯ ಹಾಗೆ ನೀರು ಕುಡಿಯುತ್ತಾನೆ, ಚೆಂಡನ್ನು ಕೊಡಲೊಲ್ಲದ ನಾಯಿಯ ಹಾಗೆ ಸತ್ತ ಇಲಿಯನ್ನು ಜಾರ್ಜ್‌ನ ಕೈಗೆ ಕೊಡುತ್ತಾನೆ. ಅವಳ ಮನೆಯಲ್ಲಿ ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಒಬ್ಬರಿದ್ದಾರೆ. 'ಆಂಟಿ, ಜಾರ್ಜ್ ಮಾಡಿದ್ದು ಸರಿಯಾ ಅಂತ ಎಲ್ಲರೂ ಕೇಳುತ್ತಾರೆ. ಲೆನ್ನಿಗೆ ಏನು ಬೇಕಿತ್ತು ಅಂತ ಯಾರಾದರೂ ಲೆನ್ನಿಯನ್ನು ಕೇಳಿದರಾ?' ಎಂದು ನನ್ನತ್ತ ತಿರುಗಿದಳು.

ಹುಡುಗರು ಜಾರ್ಜ್‌ನ ಪರ ನಿಂತರು. ಸೆರೆಸಿಕ್ಕರೆ ಕರ್ಲಿ ಅವನನ್ನು ಹೊಟ್ಟೆಗೆ ಗುಂಡಿಟ್ಟು ಕೊಲ್ಲುತ್ತಿದ್ದ; ಬದುಕಿಸಿದರೂ ಕೂಡಿಹಾಕಿ, ಕಟ್ಟಿ, ಪಂಜರದಲ್ಲಿ ಇಡುತ್ತಾರೆ ಎಂದು ಸ್ಲಿಮ್ ಹೇಳುವುದು ಪುಸ್ತಕದಲ್ಲೇ ಇದೆ ಎಂದರು. ಇಲ್ಲಿ ಮಾತ್ರ ನಾನು ಬಾಯಿ ಹಾಕಿದೆ. ಸ್ಲಿಮ್‌ನ ಭಯ ಸುಮ್ಮನೆ ಬಂದದ್ದಲ್ಲ. ಕ್ಯಾಲಿಫೋರ್ನಿಯಾ 1909ರಲ್ಲೇ ಬಲವಂತದ ಸಂತಾನಹರಣ ಚಿಕಿತ್ಸೆಗೆ ಕಾನೂನು ಮಾಡಿತ್ತು. 1979ರಲ್ಲಿ ಅದು ರದ್ದಾಗುವ ಹೊತ್ತಿಗೆ ಸರ್ಕಾರಿ ಮಾನಸಿಕ ಆಸ್ಪತ್ರೆ ಮತ್ತು ಆಶ್ರಯಧಾಮಗಳಲ್ಲಿದ್ದ ಸುಮಾರು 20,000 ಜನರಿಗೆ ಆ ಶಸ್ತ್ರಚಿಕಿತ್ಸೆ ನಡೆದಿತ್ತು. ಲೆನ್ನಿಯಂಥವರು ಹೋಗಿ ಸೇರುತ್ತಿದ್ದದ್ದು ಅಂಥ ಜಾಗಗಳನ್ನೇ. ಹುಡುಗಿ ಇದನ್ನು ಕೇಳಿ ಮೆತ್ತಗಾಗಲಿಲ್ಲ. ಹಾಗಾದರೆ ಗುಂಡು ಹೊಡೆಯುವುದು ಬಿಟ್ಟು ಬೇರೆ ದಾರಿ ಇಲ್ಲದ ಹಾಗೆ ಮಾಡಿದವರು ಯಾರು ಎಂದು ಪಾಠದಲ್ಲಿ ಕೇಳಬೇಕಲ್ಲವೇ ಎಂದಳು. ನನ್ನ ಹತ್ತಿರ ಮರುಮಾತಿರಲಿಲ್ಲ.

ಈ ಪಾತ್ರ ಕಾಗದದಿಂದ ಹೊರಗೆ ಬಂದು ನ್ಯಾಯಾಲಯವನ್ನೂ ಹೊಕ್ಕ ಸಂಗತಿಯನ್ನು ಮಕ್ಕಳೇ ಅಂತರ್ಜಾಲದಲ್ಲಿ ಹುಡುಕಿ ತೆಗೆದರು. ಬುದ್ಧಿಮಾಂದ್ಯತೆ ಇರುವವರಿಗೆ ಮರಣದಂಡನೆ ವಿಧಿಸಬಾರದೆಂದು ಅಮೆರಿಕದ ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪು ಕೊಟ್ಟಿತು. ಅಂಥವರು ಯಾರು ಎಂದು ಗುರುತಿಸುವ ಕೆಲಸವನ್ನು ರಾಜ್ಯಗಳಿಗೆ ಬಿಟ್ಟಿತು. 2004ರಲ್ಲಿ ಟೆಕ್ಸಸ್‌ನ ಉಚ್ಚ ಅಪರಾಧ ನ್ಯಾಯಾಲಯ ತನ್ನ ಅಳತೆಗೋಲನ್ನು ರೂಪಿಸುವಾಗ, ಸ್ಟೈನ್‌ಬೆಕ್‌ನ ಲೆನ್ನಿಯಂಥವನಿಗೆ ವಿನಾಯಿತಿ ಇರಬೇಕೆಂದು ಟೆಕ್ಸಸ್‌ನ ಹೆಚ್ಚಿನ ಜನ ಒಪ್ಪಬಹುದು ಎಂದು ಬರೆಯಿತು. ಅಂದರೆ ಒಬ್ಬ ಕೈದಿ ಬದುಕಬೇಕಾದರೆ ಕಾದಂಬರಿಯ ಪಾತ್ರದಷ್ಟಾದರೂ ಅಸಹಾಯಕನಾಗಿ ಕಾಣಬೇಕು. ತಂದೆಯ ಕೃತಿ ಇಂಥ ಕೆಲಸಕ್ಕೆ ಬಳಕೆಯಾದದ್ದಕ್ಕೆ ಲೇಖಕನ ಮಗ ಥಾಮಸ್ ಸ್ಟೈನ್‌ಬೆಕ್ 2012ರಲ್ಲಿ ಬಹಿರಂಗವಾಗಿಯೇ ಆಕ್ರೋಶ ವ್ಯಕ್ತಪಡಿಸಿದ. 2017ರಲ್ಲಿ ಸುಪ್ರೀಂ ಕೋರ್ಟು ಆ ಅಳತೆಗೋಲನ್ನು ತಳ್ಳಿಹಾಕಿತು. ಸ್ಟೈನ್‌ಬೆಕ್ ಬರೆದದ್ದು ಒಬ್ಬ ಲೆನ್ನಿಯ ಬಗ್ಗೆ, ಓದಿದವರು ಅವನನ್ನು ಎಲ್ಲರ ಮಾದರಿಯಾಗಿಸಿದರು ಎಂಬ ಆ ಹುಡುಗಿಯ ಆಕ್ಷೇಪಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ.

ಕರ್ಲಿಯ ಹೆಂಡತಿಗೆ ಪುಸ್ತಕದಲ್ಲಿ ಹೆಸರೇ ಇಲ್ಲದಿರುವುದನ್ನು ಎಲ್ಲ ವರ್ಷದ ಮಕ್ಕಳೂ ಕಂಡುಹಿಡಿಯುತ್ತಾರಂತೆ, ಇವರೂ ಕಂಡುಹಿಡಿದರು. ಲೇಖಕನೇ ಅವಳನ್ನು ಕಡೆಗಣಿಸಿದ್ದಾನೆ ಎಂದು ಕೆಲವರು, ಕಡೆಗಣಿಸಿರುವುದು ರ‍್ಯಾಂಚು, ಲೇಖಕ ಅದನ್ನು ತೋರಿಸುತ್ತಿದ್ದಾನೆ ಎಂದು ಕೆಲವರು. ಈ ವಾದ ಎಲ್ಲಿಗೂ ಮುಟ್ಟಲಿಲ್ಲ, ಮುಟ್ಟುವಂಥದ್ದೂ ಅಲ್ಲ.

ಕ್ರೂಕ್ಸ್‌ನ ಮಾತು ಬೇರೆ. ಕುದುರೆಲಾಯ ನೋಡಿಕೊಳ್ಳುವ ಈ ಕಪ್ಪು ಮನುಷ್ಯನಿಗೆ ಉಳಿದ ಆಳುಗಳು ಮಲಗುವ ಕೋಣೆಗೆ ಪ್ರವೇಶವಿಲ್ಲ. ಲಾಯದ ಪಕ್ಕದ ಅವನ ಕೋಣೆಯಲ್ಲಿ ಪುಸ್ತಕಗಳಿವೆ, ಕನ್ನಡಕವಿದೆ, 1905ರ ಕ್ಯಾಲಿಫೋರ್ನಿಯಾ ಸಿವಿಲ್ ಸಂಹಿತೆಯ ಹರಿದ ಪ್ರತಿಯೂ ಇದೆ. ಹಕ್ಕುಗಳನ್ನು ಓದಿಕೊಂಡ ಆ ಮನುಷ್ಯ, ಕರ್ಲಿಯ ಹೆಂಡತಿ ನಿನ್ನನ್ನು ಮರಕ್ಕೆ ನೇಣು ಹಾಕಿಸಬಲ್ಲೆ ಎಂದ ಕೂಡಲೇ ಏನೂ ಅಲ್ಲದವನಂತೆ ಕುಗ್ಗಿಹೋಗುತ್ತಾನೆ. ಅವನನ್ನು ಕರೆಯುವ ಹೀನ ಪದ ಪುಸ್ತಕದ ಹಲವು ಕಡೆ ಇರುವುದರಿಂದ ಮಗನ ತರಗತಿಯಲ್ಲಿ ಆ ಸಾಲುಗಳನ್ನು ಗಟ್ಟಿಯಾಗಿ ಓದುವಂತಿಲ್ಲ. ಅಮೆರಿಕದ ಗ್ರಂಥಾಲಯ ಸಂಘ ಮಾಡಿರುವ, ಆಕ್ಷೇಪಕ್ಕೊಳಗಾದ ಪುಸ್ತಕಗಳ ಪಟ್ಟಿಗಳಲ್ಲಿ 1990ರ ದಶಕದಲ್ಲೂ ಅದರ ಮುಂದಿನ ದಶಕದಲ್ಲೂ ಇದು ಮೊದಲ ಹತ್ತರೊಳಗಿತ್ತು. ನಮ್ಮ ಮೇಜಿನಲ್ಲಿ ಕ್ರೂಕ್ಸ್‌ನ ಬಗ್ಗೆ ಮಾತು ಬಂದಾಗ, ಕನ್ನಡದ ಮನೆಯದೇ ಆದ ಇನ್ನೊಬ್ಬ ಹುಡುಗ ರಜೆಗೆ ಊರಿಗೆ ಹೋದಾಗ ಅಜ್ಜಿಯ ಮನೆಯ ಹಿತ್ತಿಲ ಬಾಗಿಲಲ್ಲಿ ಬೇರೆಯಾಗಿ ಕವುಚಿಟ್ಟಿದ್ದ ಲೋಟವನ್ನು ನೆನಪಿಸಿಕೊಂಡ. ಅದು ಯಾರಿಗೆ ಎಂದು ಕೇಳಿದ್ದಕ್ಕೆ ಅಜ್ಜಿ ಮಾತು ಬದಲಿಸಿದ್ದರಂತೆ. ಅವನು ಅದನ್ನು ಸೆಮಿನಾರಿನಲ್ಲೂ ಹೇಳಲೇ ಎಂದು ನನ್ನನ್ನು ಕೇಳಿದ. ಹೇಳು ಎಂದೆ. ಬೇಡವೆಂದು ಅವನ ತಾಯಿ ಹೇಳಿದ್ದರೆ ಅವರನ್ನು ದೂರುವಂತಿರಲಿಲ್ಲ, ಆದರೂ ಅವರು ಹಾಗೆ ಹೇಳಲಿಲ್ಲ.

ಸೆಮಿನಾರಿನ ದಿನ ಮೊದಲ ಅರ್ಧ ಜಾರ್ಜ್‌ನ ವಿಚಾರಣೆಯಲ್ಲೇ ಕಳೆಯಿತಂತೆ. ಹುಡುಗಿ ತನ್ನ ಪ್ರಶ್ನೆಯನ್ನು ಇಟ್ಟ ಮೇಲೆ ವಾದ ಸ್ಲಿಮ್‌ನ ಕಡೆಗೆ ತಿರುಗಿತು. ಕೊನೆಯಲ್ಲಿ ಸ್ಲಿಮ್ ಬಂದು, ನೀನು ಮಾಡಲೇಬೇಕಿತ್ತು ಎಂದು ಜಾರ್ಜ್‌ಗೆ ಸಮಾಧಾನ ಹೇಳಿ ಕರೆದುಕೊಂಡು ಹೋಗುತ್ತಾನೆ. ಅವರಿಬ್ಬರಿಗೂ ಏನಾಗಿದೆ ಎಂಬುದು ಕಾರ್ಲ್ಸನ್‌ಗೆ ಅರ್ಥವಾಗುವುದಿಲ್ಲ. ತರಗತಿಯ ಹೆಚ್ಚಿನವರಿಗೆ ಸ್ಲಿಮ್ ಆ ಪುಸ್ತಕದ ಏಕೈಕ ಒಳ್ಳೆಯ ಮನುಷ್ಯ. ಹುಡುಗಿಗೆ ಅವನ ಮೇಲೇ ಹೆಚ್ಚು ಕೋಪ: ರ‍್ಯಾಂಚಿನಲ್ಲಿ ಎಲ್ಲರೂ ಮಾತು ಕೇಳುವುದು ಅವನೊಬ್ಬನದು, ನಾಯಿಯ ದಿನವೂ ಲೆನ್ನಿಯ ದಿನವೂ ಅವನು ಬೇಡ ಎನ್ನಲಿಲ್ಲ, ಎಲ್ಲ ಮುಗಿದ ಮೇಲೆ ಸಮಾಧಾನ ಹೇಳಲು ಮಾತ್ರ ಬಂದ ಎಂಬುದು ಅವಳ ವಾದ. ನನ್ನ ಮಗ ಸ್ಲಿಮ್‌ನನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ಕರ್ಲಿ ಬಂದೂಕು ಹಿಡಿದು ನಿಂತಿರುವಾಗ ಸ್ಲಿಮ್ ಬೇಡವೆಂದರೆ ಯಾರು ಕೇಳುತ್ತಿದ್ದರು ಎನ್ನುತ್ತಾನೆ. ನಾಯಿಯ ವಿಷಯಕ್ಕೆ ಬಂದರೆ ಮಾತ್ರ ಅವನ ಹತ್ತಿರವೂ ಉತ್ತರವಿಲ್ಲ.