ಪಂಚೆಯ ಗಂಟು, ಪೆನ್ನಿನ ಗುರುತು

ಆಪರೇಷನ್ನಿನ ಹಿಂದಿನ ದಿನ ನರ್ಸ್ ಬಂದು, "ಯಜಮಾನ್ರೇ, ದಿನಾ ಉಡೋ ಹಾಗೆ ಪಂಚೆ ಉಟ್ಕೊಳ್ಳಿ" ಎಂದರು. ಅಪ್ಪ ಉಟ್ಟರು. ಕೂರಿಸಿದರು, ನಿಲ್ಲಿಸಿದರು, ಬಗ್ಗಿಸಿದರು. ಆಮೇಲೆ ಹೊಕ್ಕುಳಿನ ಬಲಗಡೆ, ಪಂಚೆಯ ಗಂಟಿಗೂ ಹೊಟ್ಟೆಯ ಮಡಿಕೆಗೂ ಸಿಗದ ಜಾಗ ನೋಡಿ ಪೆನ್ನಿನಲ್ಲಿ ಗುರುತು ಹಾಕಿದರು. ಇನ್ನು ಮೂತ್ರ ಬರುವುದು ಅಲ್ಲಿಂದ.

ಶುರುವಾಗಿದ್ದು ಕೆಂಪು ಮೂತ್ರದಿಂದ. ನೋವಿಲ್ಲ, ಉರಿಯಿಲ್ಲ. "ಉಷ್ಣ ಆಗಿದೆ" ಎಂದು ಅಮ್ಮ ಬಾರ್ಲಿ ನೀರು, ಎಳನೀರು ಕೊಟ್ಟಳು. ಎರಡೇ ದಿನಕ್ಕೆ ನಿಂತಿತು. ನಾವು ಮೋಸ ಹೋಗಿದ್ದು ಅಲ್ಲೇ. ಮೂತ್ರಕೋಶದ ಕ್ಯಾನ್ಸರಿನಲ್ಲಿ ರಕ್ತ ಹೀಗೆ ಬಂದು ಹೋಗುವುದುಂಟು. ನಾಲ್ಕು ತಿಂಗಳ ಮೇಲೆ ಹೆಪ್ಪುಗಟ್ಟಿದ ರಕ್ತ ಬಂದಾಗ ಸ್ಕ್ಯಾನಿಂಗಿಗೆ ಓಡಿದೆವು. ಅಷ್ಟರಲ್ಲಿ ಗೆಡ್ಡೆ ಮೂತ್ರಕೋಶದ ಗೋಡೆಯ ಮಾಂಸದವರೆಗೂ ಇಳಿದಿತ್ತು.

"ಬೀಡಿ ಸೇದ್ತೀರಾ?" ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ. ಲಾರಿ ಓಡಿಸಿದ 30 ವರ್ಷವೂ ದಿನಕ್ಕೊಂದು ಕಟ್ಟು. ಬೀಡಿ ಎದೆ ಸುಡುತ್ತದೆ ಅಂತ ಗೊತ್ತಿತ್ತು, ಇದು ಯಾರಿಗೆ ಗೊತ್ತು? ಹೊಗೆಯ ವಿಷವನ್ನು ಕಿಡ್ನಿ ರಕ್ತದಿಂದ ಸೋಸುತ್ತದೆ, ಅದು ಮೂತ್ರದ ಜೊತೆ ಗಂಟೆಗಟ್ಟಲೆ ಮೂತ್ರಕೋಶದಲ್ಲಿ ನಿಂತಿರುತ್ತದೆ. ಲಾರಿ ಡ್ರೈವರ್ ಬೇರೆ, ಮೂತ್ರ ಕಟ್ಟಿಕೊಂಡೇ ಇರುತ್ತಿದ್ದರು.

ಆಪರೇಷನ್ನಿನಲ್ಲಿ ಮೂತ್ರಕೋಶದ ಜೊತೆ ಅದರ ಕೆಳಗಿನ ಪ್ರಾಸ್ಟೇಟ್ ಗ್ರಂಥಿಯೂ ಹೋಯಿತು. ಸಣ್ಣ ಕರುಳಿನ ಸುಮಾರು 15 ಸೆಂಟಿಮೀಟರ್ ತುಂಡು ತೆಗೆದು, ಕಿಡ್ನಿಯಿಂದ ಬರುವ ಎರಡು ನಾಳಗಳನ್ನು ಅದಕ್ಕೆ ಸೇರಿಸಿ, ಅದರ ಬಾಯಿಯನ್ನು ಪೆನ್ನಿನ ಗುರುತಿನ ಹತ್ತಿರ ಹೊರಗೆ ತಂದರು. ಕೆಂಪಗೆ, ಒದ್ದೆಯಾಗಿ, ತುಟಿಯ ಒಳಗಿನ ಹಾಗೆ. ಮುಟ್ಟಿದರೆ ನೋವಿಲ್ಲ. ಮೂತ್ರ ತುಂಬಿಕೊಳ್ಳಲು ಅದರ ಸುತ್ತ ಹೊಟ್ಟೆಗೆ ಅಂಟಿಸಿದ್ದ ಚೀಲದಲ್ಲಿ ಬಿಳಿ ಲೋಳೆ ಕಂಡು ಕೀವು ಅಂತ ಹೆದರಿ ವಾರ್ಡಿಗೇ ಕೇಳುವ ಹಾಗೆ ಕೂಗಿದ್ದೆ. ಕರುಳಲ್ವಾ, ಎಲ್ಲಿಟ್ಟರೂ ಲೋಳೆ ಬಿಡುತ್ತದೆ ಎಂದು ನರ್ಸ್ ನಕ್ಕರು.

ಈಗ ನಾಲ್ಕು ದಿನಕ್ಕೊಮ್ಮೆ ಚೀಲ ಬದಲಿಸುತ್ತೇವೆ. ಬೆಳಿಗ್ಗೆ ಎದ್ದ ಕೂಡಲೇ, ಕಾಫಿಗೂ ಮುಂಚೆ. ಕಾಫಿ ಇಳಿದರೆ ಕೆಲಸ ಕೆಟ್ಟಿತು. ಮೂತ್ರ ಹಿಡಿದಿಡಲು ಒಳಗೆ ಏನೂ ಇಲ್ಲವಲ್ಲ, ಚರ್ಮ ಒದ್ದೆಯಾಗಿ ಚೀಲ ಅಂಟುವುದೇ ಇಲ್ಲ. ಅಂಟಿಸುವವರೆಗೆ ಗಾಜ್ ಬಟ್ಟೆ ಸುರುಳಿ ಮಾಡಿ ಆ ಬಾಯಿಗೆ ಹಿಡಿಯಬೇಕು. ನಾನು ಸುತ್ತಿದ್ದು ಬಿಚ್ಚಿಕೊಳ್ಳುತ್ತಿತ್ತು. ಮೊದಲೆಲ್ಲ ಆ ಕೋಣೆಗೇ ಬಾರದ ಅಮ್ಮ ಒಂದು ದಿನ ಬಾಗಿಲಲ್ಲಿ ನಿಂತು ನೋಡಿದಳು. "ಕೊಡಿಲ್ಲಿ" ಎಂದು ಕಿತ್ತುಕೊಂಡು, ದೇವರ ದೀಪಕ್ಕೆ ಬತ್ತಿ ಹೊಸೆಯುವ ಹಾಗೆ ಅಂಗೈಯಲ್ಲಿ ಹೊಸೆದು ಕೊಟ್ಟಳು.

"ಬೇಗ ಮುಗಿಸ್ರೋ," ಅಪ್ಪ ಮಲಗಿದ್ದಲ್ಲಿಂದಲೇ ಅಂದರು, "ಡಿಕಾಕ್ಷನ್ ವಾಸನೆ ಬರ್ತಿದೆ."